ಏರಿಬರುವ ವಿದ್ಯೆ

ದಡದ ರೇಖೆಯೂ ಕಣ್ಣಿಗೆ ನಿಲುಕದಷ್ಟು ದೂರದಲ್ಲಿ, ಸಮುದ್ರತಳದ ತೈಲದ ಕೊಳವೆಯೊಂದನ್ನು ದುರಸ್ತಿ ಮಾಡಲೆಂದು ಲಂಗರು ಹಾಕಿ ನಿಂತ ಹಡಗೊಂದನ್ನು ಕಲ್ಪಿಸಿಕೊಳ್ಳೋಣ. ಅದರ ಪಕ್ಕದಲ್ಲಿ ನೀರು ಕದಡುತ್ತದೆ. ಕಬ್ಬಿಣದ ತೊಟ್ಟಿಲಿನಲ್ಲಿ ನಿಂತ ಮುಳುಗುಗಾರನೊಬ್ಬನನ್ನು ಯಂತ್ರವು ಮೆಲ್ಲಮೆಲ್ಲನೆ ಎತ್ತಿ ಡೆಕ್ಕಿನ ಮೇಲೆ ಇಳಿಸುತ್ತದೆ. ಅಷ್ಟು ಹೊತ್ತು ಕತ್ತಲ ನೀರಿನಲ್ಲಿ ದುಡಿದು ಬಂದವನು ಇನ್ನು ತುಸು ಕುಳಿತು, ಬಿಸಿ ಚಹಾ ಕುಡಿದು, ಸುಧಾರಿಸಿಕೊಳ್ಳುವನೆಂದು ನಾವು ಎಣಿಸುತ್ತೇವೆ. ನಡೆಯುವುದು ಬೇರೆಯೇ. ಇಬ್ಬರು ಸಂಗಡಿಗರು ಮುನ್ನುಗ್ಗಿ ಅವನ ಶಿರಸ್ತ್ರಾಣವನ್ನು ಕಳಚುತ್ತಾರೆ, ಉಡುಪನ್ನು ಸುಲಿಯುತ್ತಾರೆ. ಮೂರನೆಯವನು ಗಡಿಯಾರವನ್ನು ನೋಡುತ್ತ ಕಳೆದ ಸಮಯವನ್ನು ಕೂಗಿ ಹೇಳುತ್ತಾನೆ. ನೀರು ತೊಟ್ಟಿಕ್ಕುವ ಮೈಯಲ್ಲೇ ಆ ಮನುಷ್ಯನು ದಾಪುಗಾಲು ಹಾಕಿ, ದೊಡ್ಡ ಪೀಪಾಯಿಯನ್ನು ಅಡ್ಡ ಮಲಗಿಸಿದಂತಿರುವ ಉಕ್ಕಿನ ಕೋಣೆಯೊಂದರ ದುಂಡು ಬಾಗಿಲಿನೊಳಗೆ ನುಸುಳುತ್ತಾನೆ. ಬಾಗಿಲು ಮುಚ್ಚುತ್ತದೆ; ಗಾಳಿಯು ಭೋರೆಂದು ಒಳನುಗ್ಗುತ್ತದೆ.

ನೀರಿನೊಳಗಿನ ಕೊನೆಯ ನಿಲುಗಡೆಯನ್ನು ಬಿಟ್ಟ ಗಳಿಗೆಯಿಂದ ಕೋಣೆಯಲ್ಲಿ ಒತ್ತಡವು ಮತ್ತೆ ಏರುವವರೆಗೆ ಅವರಿಗಿದ್ದ ಅವಕಾಶ 5 ನಿಮಿಷ ಮಾತ್ರ.

ಆತನಿಗೆ ಕಾಯಿಲೆಯೇನೂ ಇಲ್ಲ; ಅಪಘಾತವೂ ಆಗಿಲ್ಲ. ಇದು ಅವನ ವೃತ್ತಿಯ ನಿತ್ಯಕರ್ಮ. ತಣ್ಣೀರಿನಲ್ಲಿ ತೂಗಾಡುತ್ತ ಕಳೆಯಬೇಕಾಗಿದ್ದ ಗಂಟೆಗಳನ್ನು ಒಣ ಕೋಣೆಯಲ್ಲಿ ಕಳೆಯಲೆಂದು ಅವನನ್ನು ಮೇಲೆ ತಂದಿದ್ದಾರೆ, ಅಷ್ಟೆ. ಕಣ್ಣಿಗೆ ಕಾಣುವಂತೆ ಅವನು ಹಡಗಿನ ಮೇಲಿದ್ದಾನೆ. ಒತ್ತಡದ ಲೆಕ್ಕದಲ್ಲಿ ಅವನಿನ್ನೂ ಕಡಲೊಳಗೇ ಇದ್ದಾನೆ. ಅವನು ಏರಿಬರುವುದು ಇನ್ನೂ ಮುಗಿದಿಲ್ಲ.

ಜಲಸ್ತಂಭವೂ ಗೋಲಿಸೋಡವೂ

ನೀರೊಳಗಿನ ವಾಸವು ಕನ್ನಡ ಕಾವ್ಯಕ್ಕೆ ಹೊಸ ಸಂಗತಿಯಲ್ಲ. ಕುರುಕ್ಷೇತ್ರದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನು ಜಲಸ್ತಂಭ ವಿದ್ಯೆಯ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿ ಕುಳಿತುದನ್ನೂ, ದಡದಲ್ಲಿ ನಿಂತ ಭೀಮನ ಗರ್ಜನೆಗೆ ಕೆರಳಿ ಮೇಲೆದ್ದು ಬಂದುದನ್ನೂ ರನ್ನನ 'ಗದಾಯುದ್ಧ'ವನ್ನು ಓದಿದವರೆಲ್ಲರೂ ಬಲ್ಲರು. ನೀರನ್ನು ತಡೆದು ನಿಲ್ಲಿಸಿ ಅದರ ನಡುವೆ ಉಸಿರಾಡುವ ಅವಕಾಶವನ್ನು ಮಾಡಿಕೊಳ್ಳುವುದೇ ಜಲಸ್ತಂಭವೆಂದಾದರೆ, ಹತ್ತೊಂಬತ್ತನೆಯ ಶತಮಾನದ ಶಿಲ್ಪಿಗಳು ಅದನ್ನು ಮಂತ್ರವಿಲ್ಲದೆ ಸಾಧಿಸಿದರೆನ್ನಬಹುದು. ಅವರು ಬಳಸಿದ್ದು ಅದುಮಿದ ಗಾಳಿಯನ್ನು. ಆದರೆ ಕೌರವೇಶ್ವರನು ಎಷ್ಟು ಆಳದಿಂದ, ಎಷ್ಟು ವೇಗದಲ್ಲಿ ಮೇಲೆ ಬಂದನೆಂಬ ಪ್ರಶ್ನೆಯನ್ನು ಕವಿಯು ಎತ್ತಲಿಲ್ಲ. ಆಧುನಿಕ ಜಲಸ್ತಂಭಕಾರರು ಮಾತ್ರ ಆ ಪ್ರಶ್ನೆಗೆ ಪ್ರಾಣಗಳನ್ನು ತೆತ್ತು ಉತ್ತರವನ್ನು ಕಂಡುಕೊಳ್ಳಬೇಕಾಯಿತು.

ಲೆಕ್ಕವು ಸರಳವಾದುದು. ಸಮುದ್ರದ ಮಟ್ಟದಲ್ಲಿ ನಮ್ಮ ಮೇಲೆ ಇಡೀ ವಾಯುಮಂಡಲದ ಭಾರವಿದೆ. ಅದನ್ನು ಒಂದು ವಾತಾವರಣದ ಒತ್ತಡವೆನ್ನುತ್ತಾರೆ. ನೀರು ಗಾಳಿಗಿಂತ ಬಹಳ ಭಾರವಾದುದರಿಂದ, ಸಮುದ್ರದಲ್ಲಿ 10 ಮೀಟರು ಇಳಿಯುತ್ತಲೇ ಅಷ್ಟೇ ಇನ್ನೊಂದು ಭಾರವು ಸೇರಿಕೊಳ್ಳುತ್ತದೆ. 30 ಮೀಟರು ಆಳದಲ್ಲಿ ಒತ್ತಡವು ನಾಲ್ಕರಷ್ಟು, 50 ಮೀಟರಿನಲ್ಲಿ ಆರರಷ್ಟು. ಆ ಒತ್ತಡಕ್ಕೆ ಎದೆಗೂಡು ಕುಗ್ಗಿಹೋಗದಿರಬೇಕಾದರೆ ಮುಳುಗುಗಾರನು ಉಸಿರಾಡುವ ಗಾಳಿಯೂ ಅಷ್ಟೇ ಒತ್ತಡದ್ದಾಗಿರಬೇಕು.

ಗಾಳಿಯ ಐದರಲ್ಲಿ ನಾಲ್ಕು ಪಾಲಿಗೆ ತುಸು ಕಡಿಮೆ ಸಾರಜನಕ. ನಾವು ಉಸಿರಾಡಿದಷ್ಟು ಕಾಲವೂ ಅದು ಶ್ವಾಸಕೋಶಕ್ಕೆ ಬಂದು, ದೇಹಕ್ಕೆ ಉಪಕಾರವನ್ನೂ ಮಾಡದೆ ಅಪಕಾರವನ್ನೂ ಮಾಡದೆ ಹಿಂದಿರುಗುವ ನಿರಪಾಯ ಅತಿಥಿ. ಆದರೆ ಅನಿಲದ ಮೇಲಿನ ಒತ್ತಡವು ಹೆಚ್ಚಿದಂತೆಲ್ಲ ಅದು ದ್ರವದಲ್ಲಿ ಹೆಚ್ಚು ಹೆಚ್ಚಾಗಿ ಕರಗುವುದೆಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲೇ ತೋರಿಸಿಕೊಟ್ಟಿದ್ದನು. ಆಳದಲ್ಲಿ ಈ ಅತಿಥಿಯು ರಕ್ತದಲ್ಲಿ ಕರಗಿ, ಸ್ನಾಯು, ಕೀಲು, ಮಿದುಳುಬಳ್ಳಿಗಳಲ್ಲೆಲ್ಲ ಮನೆಮಾಡುತ್ತಾನೆ. ಕೊಬ್ಬಿನಲ್ಲಂತೂ ನೀರಿಗಿಂತ ಸುಮಾರು ಐದು ಮಡಿ ಹೆಚ್ಚಾಗಿ ಸೇರಿಕೊಳ್ಳುತ್ತಾನೆ.

ಮುಂದಿನದನ್ನು ತಿಳಿಯಲು ಜಾತ್ರೆಯ ಗೋಲಿಸೋಡವನ್ನು ನೆನೆದರೆ ಸಾಕು. ಗೋಲಿಯು ಕಂಠದಲ್ಲಿ ಭದ್ರವಾಗಿರುವವರೆಗೆ ಸೀಸೆಯ ನೀರು ಎಷ್ಟು ನಿಶ್ಚಲ! ಅಂಗಡಿಯವನು ಹೆಬ್ಬೆರಳಿನಿಂದ ಗೋಲಿಯನ್ನು ಒತ್ತಿದೊಡನೆ ಒತ್ತಡವು ಇಳಿದು, ಎಲ್ಲಿ ಅಡಗಿದ್ದವೋ ಎಂಬಂತೆ ಸಾವಿರ ಗುಳ್ಳೆಗಳು ಎದ್ದುಬರುತ್ತವೆ. ಆಳದಿಂದ ಒಮ್ಮೆಲೇ ಮೇಲೆದ್ದುಬಂದ ಮನುಷ್ಯನ ದೇಹವೂ ಗೋಲಿಯೊತ್ತಿದ ಸೀಸೆಯೇ. ಗುಳ್ಳೆಗಳು ಕೀಲುಗಳಲ್ಲಿ ಎದ್ದರೆ ಅಸಹನೀಯವಾದ ನೋವು. ಶ್ವಾಸಕೋಶದ ರಕ್ತನಾಳಗಳನ್ನು ತುಂಬಿದರೆ ಉಸಿರಿನ ಕಟ್ಟು. ಮಿದುಳುಬಳ್ಳಿಯಲ್ಲಿ ಎದ್ದರೆ ಸೊಂಟದ ಕೆಳಗೆ ಸ್ವಾಧೀನವೇ ಇಲ್ಲ.

ಸೇತುವೆಗಳ ಬುಡದಲ್ಲಿ

ಈ ರೋಗವನ್ನು ಮನುಷ್ಯನು ಮೊದಲು ಕಂಡದ್ದು ಸಮುದ್ರದಲ್ಲಲ್ಲ, ನದಿಯ ಕೆಸರಿನಲ್ಲಿ. 1839ರ ಹೊತ್ತಿಗೆ ಫ್ರಾನ್ಸಿನ ತ್ರಿಜೆ ಎಂಬ ಶಿಲ್ಪಿಯು ಲ್ವಾರ್ ನದಿಯ ಬಳಿ ಕಲ್ಲಿದ್ದಲ ಗಣಿಗೆ ದಾರಿ ತೋಡುವಾಗ, ನೀರು ಜಿನುಗುವ ಮರಳನ್ನು ಹಾದುಹೋಗಲು ಒಂದು ಉಪಾಯವನ್ನು ಹೂಡಿದನು: ಕಬ್ಬಿಣದ ಕೊಳವೆಯನ್ನು ನೆಲಕ್ಕಿಳಿಸಿ, ಅದರೊಳಗೆ ಗಾಳಿಯನ್ನು ಅದುಮಿ ತುಂಬಿದರೆ ನೀರು ಹಿಮ್ಮೆಟ್ಟುವುದು, ಕೆಲಸಗಾರರು ಒಣನೆಲದಲ್ಲಿ ಅಗೆಯಬಹುದು. ಒಳಹೊರಗೆ ಓಡಾಡಲು ಒಂದಾದ ಮೇಲೊಂದು ತೆರೆಯುವ ಜೋಡಿ ಬಾಗಿಲು. ಉಪಾಯವು ಫಲಿಸಿತು, ಆದರೆ ಕೆಲಸ ಮುಗಿಸಿ ಹೊರಬಂದ ಇಬ್ಬರಿಗೆ ಕೈಕಾಲುಗಳಲ್ಲಿ ತೀವ್ರವಾದ ನೋವು ಕಾಣಿಸಿಕೊಂಡಿತೆಂದೂ ಅವನೇ ವರದಿಮಾಡಿದನು. ಕೆಲವು ವರ್ಷಗಳ ತರುವಾಯ, 1854ರಲ್ಲಿ, ಪೋಲ್ ಮತ್ತು ವಾತೆಲ್ ಎಂಬ ಫ್ರೆಂಚ್ ವೈದ್ಯರು ಎರಡು ಸತ್ಯಗಳನ್ನು ಗುರುತಿಸಿದರು. ಅಪಾಯವಿರುವುದು ಒಳಹೋಗುವಾಗಲ್ಲ, ಹೊರಬರುವಾಗ. ನೋವಿನಿಂದ ನರಳುವವನನ್ನು ಮತ್ತೆ ಒತ್ತಡಕ್ಕೆ ಮರಳಿಸಿದರೆ ನೋವು ಶಮನವಾಗುತ್ತದೆ. ಒತ್ತಡಕೋಣೆಯ ಸಮಸ್ತ ಶಾಸ್ತ್ರವೂ ಈ ಎರಡು ವಾಕ್ಯಗಳ ಭಾಷ್ಯವೆಂದರೆ ಅತಿಶಯೋಕ್ತಿಯಾಗದು.

ಆದರೆ ಲೋಕವು ಆ ಮಾತಿಗೆ ಕಿವಿಗೊಡಲು ತಡಮಾಡಿತು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಿಸಿಸಿಪಿ ನದಿಗೆ ಜೇಮ್ಸ್ ಈಡ್ಸ್ ಕಟ್ಟಿಸುತ್ತಿದ್ದ ಸೇತುವೆಯ ಕಂಬಗಳಿಗಾಗಿ, ತಳವಿಲ್ಲದ ಪೆಟ್ಟಿಗೆಯನ್ನು ಬೋರಲು ಹಾಕಿ ಮುಳುಗಿಸಿದಂತಿದ್ದ 'ಕೇಸನ್'ಗಳನ್ನು ನದಿಯ ತಳಕ್ಕೆ ಇಳಿಸಲಾಯಿತು. 1870ರಲ್ಲಿ ಅವುಗಳೊಳಗೆ ಅಗೆದು ಹೊರಬಂದ ಕಾರ್ಮಿಕರು ಒಬ್ಬೊಬ್ಬರಾಗಿ ಕುಸಿಯತೊಡಗಿದರು. ಹತ್ತಕ್ಕೂ ಹೆಚ್ಚು ಮಂದಿ ಪ್ರಾಣಬಿಟ್ಟರು. ಸತುವು ಬೆಳ್ಳಿಗಳ ಪಟ್ಟಿಗಳನ್ನು ಮೈಗೆ ಕಟ್ಟಿಕೊಂಡರೆ ರಕ್ಷೆಯೆಂಬ ನಂಬಿಕೆಯೂ ಅಲ್ಲಿ ಹಬ್ಬಿತ್ತು. ಅವರನ್ನು ನೋಡಿಕೊಳ್ಳಲು ನೇಮಕಗೊಂಡಿದ್ದ ವೈದ್ಯ ಜಾಮಿನೆಯು ಸ್ವತಃ ತಳಕ್ಕಿಳಿದು, ಕೆಲವೇ ನಿಮಿಷಗಳಲ್ಲಿ ಮೇಲೆ ಬಂದು, ತಾನೇ ಪಾರ್ಶ್ವವಾಯು ಬಡಿದವನಂತೆ ಬಿದ್ದುಕೊಂಡನು.

ಎರಡು ವರ್ಷಗಳ ಬಳಿಕ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯಲ್ಲಿ ಅದೇ ಕಥೆಯು ಮರುಕಳಿಸಿತು. ಅಲ್ಲಿಯ ವೈದ್ಯ ಆಂಡ್ರೂ ಸ್ಮಿತ್ ನೂರಕ್ಕೂ ಮೇಲ್ಪಟ್ಟ ರೋಗಿಗಳನ್ನು ಕಂಡು, ಇದನ್ನು 'ಕೇಸನ್ ರೋಗ'ವೆಂದು ಕರೆದನು. ನೋವಿನಿಂದ ಮೈಬಾಗಿಸಿ ನಡೆಯುವವರನ್ನು ಕಂಡು ಸಂಗಡಿಗರು ಆ ಕಾಲದ ಸೊಗಸುಗಾತಿಯರ ಬಾಗಿದ ನಡಿಗೆಗೆ ಹೋಲಿಸಿ ಗೇಲಿಮಾಡಿದುದರಿಂದ 'ಬೆಂಡ್ಸ್' ಎಂಬ ಹೆಸರು ಹುಟ್ಟಿತು; ಇಂದಿಗೂ ಮುಳುಗುಗಾರರ ಬಾಯಲ್ಲಿ ಅದೇ ಉಳಿದಿದೆ. ನ್ಯೂಯಾರ್ಕ್ ಕಡೆಯ ಕೇಸನ್ 78 ಅಡಿಗಿಳಿದಾಗ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್, ಬಂಡೆಯವರೆಗೆ ಹೋಗುವ ಹಟವನ್ನು ಬಿಟ್ಟು, ಬಿಗಿಯಾದ ಮರಳಿನ ಮೇಲೆಯೇ ಅಸ್ತಿಭಾರವನ್ನು ನಿಲ್ಲಿಸಿದನು. ಇನ್ನಷ್ಟು ಇಳಿದರೆ ಇನ್ನೆಷ್ಟು ಜೀವಗಳು ಹೋಗುವುವೋ ಎಂಬುದೇ ಆ ನಿರ್ಧಾರದ ಹಿಂದಿದ್ದ ಚಿಂತೆ. ಅವನನ್ನೂ ರೋಗವು ಬಿಡಲಿಲ್ಲ. 1883ರಲ್ಲಿ ಸೇತುವೆಯು ತೆರೆಯುವವರೆಗೂ ಅವನು ಮನೆಯ ಕಿಟಕಿಯಿಂದ ದೂರದರ್ಶಕದಲ್ಲಿ ಕೆಲಸವನ್ನು ನೋಡುತ್ತಿದ್ದರೆ, ಅವನ ಸೂಚನೆಗಳನ್ನು ಹೊತ್ತು ಶಿಲ್ಪಿಗಳ ಬಳಿಗೆ ಹೋಗುತ್ತಿದ್ದವಳು ಪತ್ನಿ ಎಮಿಲಿ.

ಗುಳ್ಳೆಗಳೇ ರೋಗದ ಮೂಲ, ಆ ಗುಳ್ಳೆಗಳು ಸಾರಜನಕದವು ಎಂದು ಪ್ರಯೋಗಗಳಿಂದ ಸ್ಥಾಪಿಸಿದವನು ಫ್ರೆಂಚ್ ಶರೀರಶಾಸ್ತ್ರಜ್ಞ ಪಾಲ್ ಬೇರ್. ಅವನ ಮಹಾಗ್ರಂಥವು 1878ರಲ್ಲಿ ಹೊರಬಂದಿತು. ಆದರೆ ಚಿಕಿತ್ಸೆಯ ಕೋಣೆಯನ್ನು ಕಾಮಗಾರಿಯ ಸ್ಥಳದಲ್ಲೇ ತಂದು ನಿಲ್ಲಿಸಿದ ಕೀರ್ತಿ ವೈದ್ಯನದಲ್ಲ, ಎಂಜಿನಿಯರನದು. ಹಡ್ಸನ್ ನದಿಯಡಿಯ ಸುರಂಗದಲ್ಲಿ ವರ್ಷಕ್ಕೆ ನಾಲ್ವರಲ್ಲಿ ಒಬ್ಬನ ಪ್ರಮಾಣದಲ್ಲಿ ಕಾರ್ಮಿಕರು ಸಾಯುತ್ತಿದ್ದಾಗ ಅಲ್ಲಿಗೆ ಬಂದ ಅರ್ನೆಸ್ಟ್ ಮೊಯ್ರ್, 1890ರ ಆಸುಪಾಸಿನಲ್ಲಿ ದಡದ ಮೇಲೆ ಉಕ್ಕಿನ ಉರುಳೆಯೊಂದನ್ನು ಇರಿಸಿ, ಬಿದ್ದವರನ್ನು ಅದರೊಳಗೆ ಮತ್ತೆ ಒತ್ತಡಕ್ಕೆ ಒಳಪಡಿಸಿ, ನಿಧಾನವಾಗಿ ಹೊರತರುವ ಏರ್ಪಾಡನ್ನು ಮಾಡಿದನು. ಸಾವುಗಳು ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಕೆಳಗಿಳಿದುವು.

ಹಾಲ್ಡೇನನ ಆಡುಗಳು

ನಿಧಾನವಾಗಿ ಬರಬೇಕೆಂಬುದು ಸಿದ್ಧವಾಯಿತು, ಎಷ್ಟು ನಿಧಾನವಾಗಿ? ಬ್ರಿಟಿಷ್ ನೌಕಾಪಡೆಯು ಈ ಪ್ರಶ್ನೆಯನ್ನು ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರಶಾಸ್ತ್ರಜ್ಞನ ಮುಂದಿರಿಸಿತು. ಅವನು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಉಕ್ಕಿನ ಕೋಣೆಯೊಂದರಲ್ಲಿ ಆಡುಗಳನ್ನು ಒತ್ತಡಕ್ಕೆ ಒಳಪಡಿಸಿ, ನಾನಾ ವೇಗಗಳಲ್ಲಿ ಹೊರತಂದು, ಅವುಗಳ ನಡಿಗೆಯನ್ನು ಗಮನಿಸಿದನು. ಬೆಂಡ್ಸ್ ತಗುಲಿದ ಆಡು ಮುಂಗಾಲನ್ನು ನೆಲಕ್ಕೂರದೆ ಎತ್ತಿ ಹಿಡಿಯುತ್ತಿತ್ತು. ಮೂಕಪ್ರಾಣಿಯ ಆ ಮಡಿಚಿದ ಕಾಲೇ ಶಾಸ್ತ್ರದ ಸಾಕ್ಷಿಯಾಯಿತು.

ಅವನು ಕಂಡುಕೊಂಡದ್ದು ಇಷ್ಟು. ಒತ್ತಡವು ಒಮ್ಮೆಗೆ ಅರ್ಧಕ್ಕಿಳಿದರೆ ದೇಹವು ತಾಳಿಕೊಳ್ಳುವುದು; ಅದಕ್ಕಿಂತ ಹೆಚ್ಚಾಗಿ ಇಳಿದರೆ ಗುಳ್ಳೆಗಳೇಳುವ ಭಯ. ಮತ್ತು ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಅನಿಲವನ್ನು ತುಂಬಿಕೊಳ್ಳುವುದೂ ಇಲ್ಲ, ತೊರೆಯುವುದೂ ಇಲ್ಲ: ರಕ್ತವು ಧಾರಾಳವಾಗಿ ಹರಿಯುವ ಅಂಗಗಳು ನಿಮಿಷಗಳಲ್ಲಿ ತುಂಬಿ ನಿಮಿಷಗಳಲ್ಲಿ ಬರಿದಾದರೆ, ಕೊಬ್ಬು ಕೀಲುಗಳು ಗಂಟೆಗಟ್ಟಲೆ ಹಿಡಿಯುತ್ತವೆ. ಆದುದರಿಂದ ಆಳದ ಅರ್ಧ ಒತ್ತಡದವರೆಗೆ ಬೇಗನೆ ಬಂದು, ಅಲ್ಲಿಂದ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ನಿಂತು ನಿಂತು ಏರಬೇಕು. ಮೇಲ್ಮೈ ಹತ್ತಿರವಾದಂತೆಲ್ಲ ನಿಲುಗಡೆಗಳು ದೀರ್ಘವಾಗಬೇಕು. ಮನೆ ಕಣ್ಣಿಗೆ ಕಂಡ ಮೇಲೆಯೇ ನಡಿಗೆಯನ್ನು ನಿಧಾನಿಸಬೇಕೆಂಬುದು ಮನುಷ್ಯಸ್ವಭಾವಕ್ಕೆ ಎಷ್ಟು ವಿರುದ್ಧವಾದ ನಿಯಮ! 1908ರಲ್ಲಿ ಅವನೂ ಅವನ ಸಹಚರರಾದ ಬಾಯ್ಕಾಟ್ ಮತ್ತು ಡಾಮಂಟರೂ ಪ್ರಕಟಿಸಿದ ಕೋಷ್ಟಕಗಳಿಂದಲೇ ಇಂದಿನ ಎಲ್ಲ ಕೋಷ್ಟಕಗಳ ವಂಶವು ಬೆಳೆದಿದೆ.

ಈ ಹಾಲ್ಡೇನನ ಮಗನು ಭಾರತೀಯರಿಗೆ ತಂದೆಗಿಂತ ಹೆಚ್ಚು ಪರಿಚಿತನು. ಇಂಗ್ಲೆಂಡನ್ನು ತೊರೆದು 1957ರಲ್ಲಿ ಕಲ್ಕತ್ತೆಗೆ ಬಂದು, ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನನೇ ಆತ. ತಂದೆಯ ಪ್ರಯೋಗಗಳಿಗಾಗಿ 13 ವರ್ಷದ ಬಾಲಕನಾಗಿದ್ದಾಗಲೇ ದೊಗಲೆ ಮುಳುಗುಡುಪನ್ನು ತೊಟ್ಟು ಸ್ಕಾಟ್ಲೆಂಡಿನ ತಣ್ಣೀರಿಗಿಳಿದ ಅವನು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳ ನಾವಿಕರ ರಕ್ಷಣೆಗಾಗಿ ಒತ್ತಡಕೋಣೆಯಲ್ಲಿ ತನ್ನ ದೇಹವನ್ನೇ ಪ್ರಯೋಗವಸ್ತುವಾಗಿ ಮಾಡಿಕೊಂಡನು. ಅಧಿಕ ಒತ್ತಡದ ಆಮ್ಲಜನಕದಿಂದ ಸೆಳವು ಬಂದು ಅವನ ಬೆನ್ನೆಲುಬಿಗೆ ಪೆಟ್ಟಾಯಿತು. ಕಿವಿಯ ತಮಟೆ ಹರಿದುಹೋಯಿತು. ಆ ರಂಧ್ರದಿಂದ ಹೊಗೆಸೊಪ್ಪಿನ ಹೊಗೆಯನ್ನು ಹೊರಬಿಡಬಹುದೆಂದು ಹೇಳಿಕೊಂಡು ಅವನು ನಗುತ್ತಿದ್ದನು.

ಕೋಣೆಯೊಳಗಿನ ಐದು ಗಂಟೆ

ರೋಗವು ತಗುಲಿದವನ ಚಿಕಿತ್ಸೆಯು ಹೇಗೆ ನಡೆಯುತ್ತದೆಂಬುದನ್ನು ಈಗ ನೋಡಬಹುದು. ಕೋಣೆಗೆ ಸಾಮಾನ್ಯವಾಗಿ ಎರಡು ವಿಭಾಗ: ಒಳಮನೆ ಮತ್ತು ಮೊಗಸಾಲೆ. ಒಳಮನೆಯ ಒತ್ತಡವನ್ನು ಕೆಡಿಸದೆ ಮೊಗಸಾಲೆಯ ಮೂಲಕ ವೈದ್ಯನು ಹೋಗಿಬರಬಹುದು. ಊಟ, ಔಷಧಿಗಳನ್ನು ದಾಟಿಸಲು ಗೋಡೆಯಲ್ಲಿ ಜೋಡಿ ಬಾಗಿಲಿನ ಒಂದು ಸಣ್ಣ ಗೂಡು. ಹೊರಗಡೆ ಮಾಪಕಗಳ ಮುಂದೆ ಕುಳಿತು ಕವಾಟಗಳನ್ನು ತಿರುಗಿಸುವವನ ಕೈಯಲ್ಲಿ ಒಳಗಿನವರ ಪ್ರಾಣವಿರುತ್ತದೆ.

ಒತ್ತಡವನ್ನು ಏರಿಸುವಾಗ ಸೈಕಲ್ ಪಂಪಿನ ಬಾಯಿ ಬಿಸಿಯಾಗುವಂತೆ ಕೋಣೆಯೂ ಬಿಸಿಯಾಗುತ್ತದೆ, ಕಿವಿಗಳು ಬಿಗಿದುಕೊಳ್ಳುತ್ತವೆ, ಮೂಗನ್ನು ಹಿಡಿದು ಉಸಿರನ್ನು ಒತ್ತಿ ಅವನ್ನು ಬಿಡಿಸಿಕೊಳ್ಳಬೇಕು. ಇಳಿಸುವಾಗ ತಣ್ಣಗಾಗಿ ಮಂಜು ಕವಿಯುವುದೂ ಉಂಟು. ಬಹುಮಟ್ಟಿಗೆ ಎಲ್ಲೆಡೆ ಅನುಸರಿಸುವ ಕ್ರಮವು ಅಮೆರಿಕದ ನೌಕಾಪಡೆಯು 1960ರ ದಶಕದಲ್ಲಿ ರೂಪಿಸಿದ ಆರನೆಯ ಕೋಷ್ಟಕ. ಅದರಂತೆ ರೋಗಿಯನ್ನು 60 ಅಡಿ, ಎಂದರೆ ಸುಮಾರು 18 ಮೀಟರು ಆಳಕ್ಕೆ ಸಮನಾದ ಒತ್ತಡಕ್ಕೆ ಕೊಂಡೊಯ್ದು, ಮುಖವಾಡದ ಮೂಲಕ ಶುದ್ಧ ಆಮ್ಲಜನಕವನ್ನು ಉಸಿರಾಡಿಸುತ್ತಾರೆ. 20 ನಿಮಿಷ ಆಮ್ಲಜನಕ, 5 ನಿಮಿಷ ಬರಿಯ ಗಾಳಿ, ಹೀಗೆ ಮೂರು ಸಲ. ಆಮೇಲೆ ಅರ್ಧ ಗಂಟೆಯನ್ನು ತೆಗೆದುಕೊಂಡು 30 ಅಡಿಗೆ ತಂದು, ಅಲ್ಲಿ ಮತ್ತೆ ದೀರ್ಘವಾಗಿ ಆಮ್ಲಜನಕವನ್ನು ಕೊಟ್ಟು, ಕೊನೆಗೆ ಮೇಲ್ಮೈಗೆ ತರುತ್ತಾರೆ. ಒಟ್ಟು 4 ಗಂಟೆ 45 ನಿಮಿಷ.

ಇದರ ಯುಕ್ತಿಯು ಎರಡು ಬಗೆಯದು. ಒತ್ತಡವು ಗುಳ್ಳೆಯನ್ನು ಹಿಂಡಿ ಚಿಕ್ಕದಾಗಿಸಿ, ಅಡ್ಡಗಟ್ಟಿದ್ದ ರಕ್ತದ ದಾರಿಯನ್ನು ತೆರೆಯುತ್ತದೆ. ಆಮ್ಲಜನಕವಾದರೋ ಉಸಿರಿನಲ್ಲಿ ಸಾರಜನಕದ ಲೇಶವನ್ನೂ ಉಳಿಸದಿರುವುದರಿಂದ, ಹೊರಗಿನಿಂದ ಬರುವವರಿಲ್ಲದ ಬಾಗಿಲಿನಲ್ಲಿ ಒಳಗಿನವರೆಲ್ಲ ಸರಾಗವಾಗಿ ಹೊರನಡೆಯುವಂತೆ, ದೇಹದ ಸಾರಜನಕವು ಶೀಘ್ರವಾಗಿ ತೆರವಾಗುತ್ತದೆ. ನಡುನಡುವೆ ಗಾಳಿಯ ವಿರಾಮವೇಕೆಂದರೆ, ಪಾಲ್ ಬೇರ್ ಕಂಡಂತೆ, ಪ್ರಾಣವಾಯುವೂ ಒತ್ತಡದಲ್ಲಿ ವಿಷವಾಗುತ್ತದೆ. ಕಿರಿಯ ಹಾಲ್ಡೇನನ ಬೆನ್ನೆಲುಬೂ ಅದನ್ನೇ ಹೇಳಿತು.

ಇನ್ನೊಂದು ಭಯವು ಬೆಂಕಿಯದು. ಆಮ್ಲಜನಕವು ಹೆಚ್ಚಿದ ಕೋಣೆಯಲ್ಲಿ ಕಿಡಿಯೊಂದು ಕ್ಷಣದಲ್ಲಿ ದಾವಾನಲವಾಗುತ್ತದೆ. 1997ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಅಂಥ ಬೆಂಕಿಗೆ 11 ಮಂದಿ ಆಹುತಿಯಾದರು. ಹತ್ತಿಯ ಬಟ್ಟೆಯನ್ನಷ್ಟೇ ಉಡಬೇಕು, ತಲೆಗೆ ಎಣ್ಣೆಯನ್ನು ಹಚ್ಚಿರಬಾರದು, ಬೆಂಕಿಪೊಟ್ಟಣ, ಮೊಬೈಲು ಒಳಗೆ ಬರಕೂಡದು ಎಂಬ ನಿಯಮಗಳು ಮಡಿವಂತಿಕೆಯಂತೆ ತೋರಿದರೂ ಪ್ರತಿಯೊಂದರ ಹಿಂದೆಯೂ ಸಕಾರಣವಿದೆ.

ಉಕ್ಕಿನ ಮನೆಯ ತಿಂಗಳ ವಾಸ

ತೈಲದ ಶೋಧವು ಆಳದ ಸಮುದ್ರಕ್ಕೆ ಸರಿದಂತೆ ಹೊಸ ತೊಡಕು ಹುಟ್ಟಿತು. ನೂರು ಮೀಟರಿಗಿಳಿದು ಒಂದು ಗಂಟೆ ದುಡಿದವನಿಗೆ ಏರಿಬರಲು ಅದರ ಹಲವು ಪಾಲು ಕಾಲ ಬೇಕಾದರೆ ಆ ದುಡಿಮೆಯು ಯಾರಿಗೆ ಗಿಟ್ಟೀತು? ಅಮೆರಿಕದ ನೌಕಾವೈದ್ಯ ಜಾರ್ಜ್ ಬಾಂಡ್ 1957ರಿಂದ ನಡೆಸಿದ ಪ್ರಯೋಗಗಳು ಇದಕ್ಕೊಂದು ಸೊಗಸಾದ ಪರಿಹಾರವನ್ನು ಸೂಚಿಸಿದುವು. ಒಂದು ಆಳದ ಒತ್ತಡದಲ್ಲಿ ದೇಹವು ಹಿಡಿಯಬಲ್ಲಷ್ಟು ಅನಿಲವನ್ನು ಹಿಡಿದು ಸಂತೃಪ್ತವಾದ ಮೇಲೆ, ಅಲ್ಲಿ ಒಂದು ದಿನವಿದ್ದರೂ ಒಂದು ತಿಂಗಳಿದ್ದರೂ ಹೊರಬರಲು ಬೇಕಾಗುವ ಕಾಲವು ಒಂದೇ. ಹಾಗಾದರೆ ದಿನವೂ ಏರಿಬರುವುದೇಕೆ? ಮುಳುಗುಗಾರರು ಕಡಲತಳದ ಒತ್ತಡದಲ್ಲೇ ವಾಸಿಸಲಿ, ಕೊನೆಗೊಮ್ಮೆ ಏರಲಿ.

ಇಂದು ಅವರು ಹಡಗಿನ ಒತ್ತಡಕೋಣೆಗಳಲ್ಲೇ ಉಣ್ಣುತ್ತಾರೆ, ಮಲಗುತ್ತಾರೆ. ಕೆಲಸದ ಹೊತ್ತಿಗೆ ಕೋಣೆಗೆ ಬೆಸೆದ ಗಂಟೆಯಾಕಾರದ ತೊಟ್ಟಿಯೊಳಗೆ ಸೇರಿ, ಒತ್ತಡವು ಬದಲಾಗದಂತೆಯೇ ತಳಕ್ಕಿಳಿದು ಹಿಂದಿರುಗುತ್ತಾರೆ. ವಾಸದ ಅವಧಿಯು 28 ದಿನಗಳವರೆಗೂ ಹೋಗುತ್ತದೆ. ಅಷ್ಟು ಆಳದಲ್ಲಿ ಸಾರಜನಕವು ಹೆಂಡದಂತೆ ತಲೆಗೇರುವುದರಿಂದ ಅದರ ಸ್ಥಾನದಲ್ಲಿ ಹೀಲಿಯಂ ಅನಿಲವನ್ನು ಬಳಸುತ್ತಾರೆ. ಹೀಲಿಯಮ್ಮಿನಲ್ಲಿ ಮಾತು ಬಾತುಕೋಳಿಯ ಕೂಗಿನಂತೆ ಕೀಚಲಾಗಿ, ಹೊರಗಿನವರಿಗೆ ಅರ್ಥವಾಗಬೇಕಾದರೆ ಧ್ವನಿಯನ್ನು ತಿದ್ದುವ ಯಂತ್ರವೇ ಬೇಕಾಗುತ್ತದೆ. ಹೀಲಿಯಂ ಮೈಯ ಶಾಖವನ್ನು ಗಾಳಿಗಿಂತ ಬಹುಬೇಗ ಹೀರುವುದರಿಂದ ನೀರಿಗಿಳಿದವನ ಉಡುಪಿನಲ್ಲಿ ಬಿಸಿನೀರನ್ನು ಹರಿಸುತ್ತಿರಬೇಕಾಗುತ್ತದೆ. ಕೆಲಸವು ಮುಗಿದ ಮೇಲೆ ಸ್ಥೂಲವಾಗಿ 30 ಮೀಟರಿಗೆ ಒಂದು ದಿನದಂತೆ, ಅದರ ಮೇಲೊಂದು ದಿನವನ್ನು ಸೇರಿಸಿ, ಒತ್ತಡವನ್ನು ಇಳಿಸುತ್ತಾರೆ. ಗಾಜಿನ ಕಿಂಡಿಯಾಚೆ ಒಂದು ಗೇಣು ದೂರದಲ್ಲಿ ನಿಂತ ಸ್ನೇಹಿತನ ಕೈಯನ್ನು ಮುಟ್ಟಲು ನಾಲ್ಕಾರು ದಿನಗಳ ಪ್ರಯಾಣ! ಚಂದ್ರನಿಂದ ಮರಳಿದ ಯಾತ್ರಿಕರು ಅದಕ್ಕಿಂತ ಬೇಗ ಭೂಮಿಯನ್ನು ಸೇರಿದ್ದರು.

ಈ ಜೀವನವು ಎಂಥ ಎಳೆಯ ಮೇಲೆ ನಿಂತಿದೆಯೆಂಬುದನ್ನು 1983ರ ನವೆಂಬರ್ 5ರಂದು ಉತ್ತರ ಸಮುದ್ರದ ನಾರ್ವೆಯ ಪಾಲಿನಲ್ಲಿ, ಬೈಫೋರ್ಡ್ ಡಾಲ್ಫಿನ್ ಎಂಬ ತೈಲವೇದಿಕೆಯ ಮೇಲೆ ನಡೆದ ದುರಂತವು ತೋರಿಸಿತು. ಒಳಬಾಗಿಲು ಪೂರ್ತಿ ಮುಚ್ಚುವ ಮೊದಲೇ ಗಂಟೆಯನ್ನು ಕೋಣೆಗೆ ಬಿಗಿದಿದ್ದ ಕೊಂಡಿಯು ಬಿಚ್ಚಿಕೊಂಡು, 9 ವಾತಾವರಣಗಳ ಒತ್ತಡವು ಕಣ್ಣೆವೆಯಿಕ್ಕುವಷ್ಟರಲ್ಲಿ ಒಂದಕ್ಕಿಳಿಯಿತು. ನಾಲ್ವರು ಮುಳುಗುಗಾರರೂ ಹೊರಗಿದ್ದ ಒಬ್ಬ ಸಹಾಯಕನೂ ಆ ಕ್ಷಣವೇ ಮಡಿದರು. ಒತ್ತಡವು ಇರುವವರೆಗೆ ತೆರೆಯಲಾಗದಂಥ ಕೊಂಡಿಗಳು ಇಂದು ಬಳಕೆಗೆ ಬಂದಿವೆ.

ನಮ್ಮ ದೇಶಕ್ಕೂ ಈ ವೃತ್ತಿಯು ಅಪರಿಚಿತವಲ್ಲ. 1974ರಲ್ಲಿ ಮುಂಬಯಿಯಿಂದ ಸುಮಾರು 160 ಕಿಲೋಮೀಟರು ಪಶ್ಚಿಮಕ್ಕೆ ಬಾಂಬೆ ಹೈ ತೈಲಕ್ಷೇತ್ರವು ಪತ್ತೆಯಾದಂದಿನಿಂದ, ಅಲ್ಲಿನ ಕಂಬ ಕೊಳವೆಗಳ ಯೋಗಕ್ಷೇಮವು ಮುಳುಗುಗಾರರ ಕೈಯಲ್ಲಿದೆ. ನೌಕಾಪಡೆಯು ತನ್ನ ಮುಳುಗುಗಾರರನ್ನು ಕೊಚ್ಚಿಯಲ್ಲಿ ತರಬೇತುಗೊಳಿಸುತ್ತದೆ; ವಿಶಾಖಪಟ್ಟಣದಲ್ಲಿ ನಿರ್ಮಿತವಾಗಿ 2025ರ ಜುಲೈಯಲ್ಲಿ ಸೇವೆಗೆ ಸೇರಿದ 'ನಿಸ್ತಾರ್' ಹಡಗು ಇಂಥ ಆಳವಾಸದ ಕೋಣೆಗಳನ್ನೇ ಹೊತ್ತು ತೇಲುತ್ತದೆ.

ಆಸ್ಪತ್ರೆಗೆ ಬಂದ ಕೋಣೆ

ಮುಳುಗುಗಾರನ ಕೋಣೆಯು ನೀರನ್ನೇ ಕಾಣದ ರೋಗಿಗಳ ಉಪಯೋಗಕ್ಕೂ ಬಂದದ್ದು ಇನ್ನೊಂದು ಅಧ್ಯಾಯ. ಸಾಮಾನ್ಯವಾಗಿ ಆಮ್ಲಜನಕವನ್ನು ಹೊರುವುದು ರಕ್ತದ ಕೆಂಪು ಕಣಗಳ ಕೆಲಸ. ರಕ್ತದ ದ್ರವಭಾಗದಲ್ಲಿ ನೇರವಾಗಿ ಕರಗುವುದು ಅತ್ಯಲ್ಪ, 100 ಮಿಲಿಲೀಟರಿಗೆ ಸುಮಾರು 0.3 ಮಿಲಿಲೀಟರು. ಆದರೆ ಮೂರು ವಾತಾವರಣಗಳ ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿದರೆ ಅದು ಸುಮಾರು 6 ಮಿಲಿಲೀಟರಿಗೇರುತ್ತದೆ. ವಿಶ್ರಮಿಸುವ ದೇಹದ ಅವಶ್ಯಕತೆಗೆ ಅಷ್ಟೇ ಸಾಕು. ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ಬೂರೆಮಾ 1960ರಲ್ಲಿ ಹಂದಿಗಳ ಕೆಂಪು ಕಣಗಳನ್ನು ಬಹುತೇಕ ತೆಗೆದು ಬರಿಯ ದ್ರವವನ್ನು ತುಂಬಿ, ಒತ್ತಡಕೋಣೆಯಲ್ಲಿ ಅವನ್ನು ಬದುಕಿಸಿ ತೋರಿಸಿದಾಗ ವೈದ್ಯಲೋಕವು ಬೆರಗಾಯಿತು.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರನ್ನು ಕೊಲ್ಲುವ ಇಂಗಾಲದ ಮಾನಾಕ್ಸೈಡನ್ನು ತೆಗೆದುಕೊಳ್ಳಿ. ಅದು ಕೆಂಪು ಕಣಗಳನ್ನು ಆಮ್ಲಜನಕಕ್ಕಿಂತ ಇನ್ನೂರು ಮಡಿಗೂ ಮಿಗಿಲಾದ ಬಿಗಿಯಿಂದ ಅಪ್ಪಿಕೊಳ್ಳುತ್ತದೆ. ಬರಿಯ ಗಾಳಿಯಲ್ಲಿ ಅದರ ಅರ್ಧದಷ್ಟು ತೊಲಗಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕದಲ್ಲಿ ಸುಮಾರು 80 ನಿಮಿಷ. ಮೂರು ವಾತಾವರಣಗಳ ಒತ್ತಡದ ಆಮ್ಲಜನಕದಲ್ಲಿ ಸುಮಾರು 23 ನಿಮಿಷ. ಗಾಳಿಯಿಲ್ಲದೆಡೆ ಬೆಳೆಯುವ ಕ್ರಿಮಿಗಳಿಂದಾಗುವ ಅನಿಲಕೊಳೆ, ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯಿಂದ ಸೊರಗಿದ ಅಂಗಾಂಶ, ಮಧುಮೇಹಿಗಳ ಕಾಲಿನ ಕೆಲವು ಮಾಯದ ಹುಣ್ಣುಗಳು ಇವುಗಳಲ್ಲಿಯೂ ಇತರ ಚಿಕಿತ್ಸೆಗಳ ಜೊತೆಗೆ ಇದು ನೆರವಾಗುತ್ತದೆ.

ಆದರೆ ಉಪಯುಕ್ತವಾದುದು ಸರ್ವರೋಗಹರವಾಗಿಬಿಡುವ ಅಪಾಯವು ಎಲ್ಲ ಕಾಲಕ್ಕೂ ಉಂಟು. 1928ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಡಾಕ್ಟರ್ ಕನ್ನಿಂಗ್‌ಹ್ಯಾಮ್ ಎಂಬಾತನು 64 ಅಡಿ ವ್ಯಾಸದ ಉಕ್ಕಿನ ಗೋಳವೊಂದನ್ನೇ ಆಸ್ಪತ್ರೆಯಾಗಿ ಕಟ್ಟಿಸಿ, ಅದರ ಒತ್ತಡದ ಗಾಳಿಯಿಂದ ಮಧುಮೇಹದಿಂದ ಮೊದಲ್ಗೊಂಡು ಎಲ್ಲವೂ ಗುಣವಾಗುವುದೆಂದು ಸಾರಿದನು. ವೈದ್ಯಸಂಘವು ಪುರಾವೆಯನ್ನು ಕೇಳಿತು, ಅದು ಬರಲಿಲ್ಲ. ಯುದ್ಧಕಾಲದಲ್ಲಿ ಆ ಗೋಳವು ಗುಜರಿಗೆ ಹೋಯಿತು. ಯೌವನವನ್ನು ಮರಳಿಸುವೆವೆಂದೂ, ಮಕ್ಕಳ ಆಟಿಸಂ ವಾಸಿಮಾಡುವೆವೆಂದೂ ಇಂದು ಒತ್ತಡಕೋಣೆಗಳನ್ನು ಬಾಡಿಗೆಗೆ ಕೊಡುವವರ ಮಾತನ್ನು ಕೇಳುವಾಗ ಆ ಗೋಳವನ್ನು ನೆನೆಯುವುದು ಒಳ್ಳೆಯದು.

ಘಟ್ಟ ಹತ್ತುವ ಮುನ್ನ

ಇದೆಲ್ಲ ನಮಗೆ ದೂರದ ಮಾತೆಂದು ತಿಳಿಯಬೇಕಾಗಿಲ್ಲ. ಮುರುಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆಯ ಸುತ್ತ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಮೀನು ಹವಳಗಳನ್ನು ನೋಡಲು ಇಳಿಯುವ ತರುಣ ತರುಣಿಯರ ಸಂಖ್ಯೆಯು ವರ್ಷವರ್ಷಕ್ಕೂ ಏರುತ್ತಿದೆ. ತರಬೇತುದಾರನ ಕೈಹಿಡಿದು ಸ್ವಲ್ಪ ಹೊತ್ತು ಇಳಿದು ಬರುವವರಿಗೆ ಬೆಂಡ್ಸ್ ಭಯವು ಅತ್ಯಲ್ಪ. ಹಲವು ಸಲ, ಆಳವಾಗಿ ಇಳಿಯುವವರು ಮಾತ್ರ ಇನ್ನೊಂದು ಮೆಟ್ಟಿಲನ್ನು ಮರೆಯಬಾರದು: ಸಮುದ್ರದ ಮಟ್ಟವು ಅವರ ಏರಿಕೆಯ ಕೊನೆಯಲ್ಲ.

ಸಂಜೆ ನೀರಿನಿಂದೆದ್ದು, ರಾತ್ರಿಯ ಬಸ್ಸಿನಲ್ಲಿ ಘಟ್ಟವನ್ನು ಹತ್ತಿ, ಬೆಳಗಾಗುವುದರೊಳಗೆ ಸುಮಾರು 900 ಮೀಟರು ಎತ್ತರದ ಬೆಂಗಳೂರನ್ನು ಸೇರುವವನು, ದೇಹದಲ್ಲಿ ಇನ್ನೂ ಉಳಿದಿರುವ ಸಾರಜನಕದೊಡನೆ ಕಡಿಮೆ ಒತ್ತಡದ ಕಡೆಗೆ ಏರುತ್ತಲೇ ಇರುತ್ತಾನೆ. ವಿಮಾನದ ಒಳಗಿನ ಗಾಳಿಯೋ ಇದಕ್ಕೂ ತೆಳು. ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ಕಾಯದೆ ವಿಮಾನವನ್ನೇರಬಾರದೆಂಬುದು ಲೋಕಸಮ್ಮತವಾದ ಎಚ್ಚರಿಕೆ, ಮತ್ತು 600 ಮೀಟರಿಗೆ ಮಿಗಿಲಾದ ಎತ್ತರವನ್ನು ಈ ವಿಷಯದಲ್ಲಿ ವಿಮಾನಯಾನಕ್ಕೆ ಸಮನೆಂದೇ ಬಲ್ಲವರು ಎಣಿಸುತ್ತಾರೆ. ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಇದೇ ವಿದ್ಯೆಯ ಮಗ್ಗುಲು ಬದಲಿಸಿದ ರೂಪವನ್ನು ಕಾಣಬಹುದು: ಅಲ್ಲಿ ಕೋಣೆಯ ಗಾಳಿಯನ್ನು ಹೊರಗೆಳೆದು, ವಿಮಾನಚಾಲಕರಿಗೆ ನೆಲದ ಮೇಲೆಯೇ ಮುಗಿಲಿನ ಎತ್ತರದ ಅನುಭವವನ್ನು ಮಾಡಿಸುತ್ತಾರೆ. ಮೀನಿನ ಲೋಕದಿಂದ ಬಂದವನಿಗೂ ಹಕ್ಕಿಯ ಲೋಕಕ್ಕೆ ಹೊರಟವನಿಗೂ ಅನ್ವಯಿಸುವ ನಿಯಮವು ಒಂದೇ.

ಮುಳುಗಿ ಬಂದ ಮೇಲೆ ಭುಜ ಮೊಣಕೈಗಳಲ್ಲಿ ಕಾರಣವಿಲ್ಲದ ನೋವೋ, ಮೈ ಜುಮುಗುಟ್ಟುವಿಕೆಯೋ, ತಲೆತಿರುಗೋ ಕಂಡರೆ ಹೆಚ್ಚಿನವರು ಅದನ್ನು ಉಳುಕೆಂದು ಬಗೆದು ಮುಲಾಮು ತಿಕ್ಕಿಕೊಂಡು ಮಲಗುತ್ತಾರೆ. ರೋಗದ ಅತಿದೊಡ್ಡ ಮಿತ್ರನು ಈ ಉಪೇಕ್ಷೆಯೇ. ಅಂಥವನನ್ನು ಮಲಗಿಸಿ, ಆಮ್ಲಜನಕವನ್ನು ಕೊಟ್ಟು, ಒತ್ತಡಕೋಣೆಯುಳ್ಳ ಆಸ್ಪತ್ರೆಯನ್ನು ಬೇಗನೆ ಸಂಪರ್ಕಿಸಬೇಕು. ತಡವಾದಷ್ಟೂ ಗುಳ್ಳೆಯ ಗಾಯವು ಆಳವಾಗುತ್ತದೆ.

ಹಡಗಿನ ಡೆಕ್ಕಿನ ಮೇಲೆ ಐದು ನಿಮಿಷಗಳಲ್ಲಿ ಓಡಿ ಕೋಣೆಯನ್ನು ಸೇರಿದವನು ಓಡಿದ್ದು ನಿಧಾನವನ್ನು ಸಂಪಾದಿಸಲಿಕ್ಕಾಗಿ. ಒಳಗೆ ಅವನಿಗೆ ದೊರೆಯುವ ಔಷಧಿಗಳಲ್ಲಿ ಮುಖ್ಯವಾದುದು ಸಾವಕಾಶವಾಗಿ ಕಳೆಯುವ ಹೊತ್ತು. ನೇತ್ರಾಣಿಯಿಂದ ಮರಳಿದವನಿಗೆ ಅದು ಇನ್ನೂ ಸುಲಭವಾಗಿ ದೊರೆಯುತ್ತದೆ: ಉಕ್ಕಿನ ಗೋಡೆ ಬೇಡ, ಕವಾಟ ಬೇಡ, ಮಾಪಕ ಬೇಡ, ಕಡಲ ದಂಡೆಯಲ್ಲಿ ಅಲೆಗಳ ಸದ್ದನ್ನು ಕೇಳುತ್ತ ಇನ್ನೊಂದು ರಾತ್ರಿ ತಂಗಿದ್ದು, ಮಾರನೆಯ ದಿನ ಘಟ್ಟ ಹತ್ತಿದರೆ ಸಾಕು.